ಶನಿವಾರದ ಹಳದಿ ದೀಪ

ನಮ್ಮ ಕಾರಿನ ಮೀಟರಿನೊಳಗೆ ಒಂದು ಹಳದಿ ಆಮೆ ಇದೆ. ಕಾರಿನ ಜೊತೆ ಕೊಟ್ಟ ಪುಸ್ತಕದ ಪ್ರಕಾರ ಅದು ಎಂಜಿನ್ನಿನ ಚಿತ್ರ. ನನ್ನ ಮಗಳ ಕಣ್ಣಿಗೆ ಅದು ಹೆಲಿಕಾಪ್ಟರು. ಅಮ್ಮ ಒಮ್ಮೆ ಹಿಂದಿನ ಸೀಟಿನಿಂದ ಬಗ್ಗಿ ನೋಡಿ “ಗಿಂಡಿ ಥರ ಇದೆಯಲ್ಲೋ” ಅಂದಿದ್ದಳು. ಕೀ ತಿರುಗಿಸಿದಾಗ ಮಿಕ್ಕ ದೀಪಗಳ ಜೊತೆ ಅದೂ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದೆ ಕೂತರೆ, ಅಥವಾ ದಾರಿಯಲ್ಲಿ ತಾನಾಗಿ ಹತ್ತಿಕೊಂಡರೆ, ಎಲ್ಲೋ ಏನೋ ಕೆಟ್ಟಿದೆ ಅಂತ ಲೆಕ್ಕ. ಎಲ್ಲಿ, ಏನು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಮದುವೆಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಮುನಿಸಿಕೊಂಡು ಕೂತ ಸೋದರಮಾವನ ಹಾಗೆ. ಕಾಫಿ ಕೊಡಲಿಲ್ಲವೋ, ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಗಿದೆಯೋ, ನಾವೇ ಊಹಿಸಿಕೊಂಡು ಸಮಾಧಾನ ಮಾಡಬೇಕು.

ನಮ್ಮದು 2014ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರಿನದು. ಮನೆ ಮೈಸೂರಿನ ಕುವೆಂಪುನಗರದಲ್ಲಿ, ನನ್ನ ಪಾಠದ ಕೆಲಸ ಮಂಡ್ಯದಲ್ಲಿ. ವಾರವೆಲ್ಲ ರೈಲಿನಲ್ಲಿ ಹೋಗಿಬಂದರೂ ಶನಿವಾರ ಅರ್ಧ ದಿನ ಮುಗಿಸಿ ಮನೆಗೆ ಊಟಕ್ಕೆ ಬರುವ ಆಸೆಯಿಂದ ಕಾರು ತೆಗೆಯುತ್ತೇನೆ. ದಸರಾ ಮುಗಿದ ಮೇಲಿನ ಒಂದು ಶನಿವಾರ, ರಿಂಗ್ ರಸ್ತೆ ಸೇರುವಷ್ಟರಲ್ಲಿ ಆಮೆ ಕಣ್ಣುಬಿಟ್ಟಿತು. ಕಾರೇನೋ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಸ್ವಲ್ಪ ಮೈ ನಡುಗಿದಂತಾಗಿದ್ದು ನಿಜ, ಆದರೆ ನವೆಂಬರಿನ ಬೆಳಿಗ್ಗೆ ಮೈಸೂರಿನಲ್ಲಿ ಯಾರ ಮೈ ನಡುಗುವುದಿಲ್ಲ? ಮಂಗಳವಾರ ನೋಡಿದರೆ ದೀಪ ತಾನಾಗಿಯೇ ಆರಿತ್ತು. ಮುಂದಿನ ಶನಿವಾರ ಮತ್ತೆ ಹತ್ತಿತು, ಮಂಗಳವಾರ ಮತ್ತೆ ಆರಿತು. ಹೀಗೆ ನಾಲ್ಕು ವಾರ.

ಇಂಥದ್ದೊಂದು ದೀಪ ಹತ್ತಿದರೆ ಊರಿನ ಎಷ್ಟು ಜನ ಮೆಕ್ಯಾನಿಕ್ಕುಗಳು ಅನ್ನುವುದು ತಿಳಿಯುತ್ತದೆ. ಅಮೆರಿಕದಲ್ಲಿರುವ ಭಾವ “ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡು” ಅಂದರು. ಅಲ್ಲಿನ ಕಾರುಗಳಲ್ಲಿ ಅದು ಒಳ್ಳೆಯ ಸಲಹೆಯೇ. ಟ್ಯಾಂಕಿನಿಂದ ಪೆಟ್ರೋಲಿನ ಆವಿ ಸೋರುತ್ತಿದೆಯೇ ಎಂದು ಕಾರೇ ಪರೀಕ್ಷೆ ಮಾಡಿಕೊಳ್ಳುತ್ತದೆ, ಮುಚ್ಚಳ ಸಡಿಲವಾದರೂ ದೀಪ ಹತ್ತಿಸುತ್ತದೆ. ನಾನು ಮೂರು ಸಲ ಟಕ್ ಅನ್ನಿಸಿ ಬಿಗಿದೆ, ಶನಿವಾರ ಬಂತು, ದೀಪವೂ ಬಂತು. ಸಹೋದ್ಯೋಗಿಯೊಬ್ಬರು ಬ್ಯಾಟರಿಯ ಮೈನಸ್ ವೈರು ಹತ್ತು ನಿಮಿಷ ತೆಗೆದಿಡಿ ಅಂದರು. ತೆಗೆದಿಟ್ಟೆ. ದೀಪದ ಜೊತೆಗೆ ರೇಡಿಯೋದಲ್ಲಿ ಕೂಡಿಸಿಟ್ಟಿದ್ದ ಸ್ಟೇಷನ್ನುಗಳೂ ಗಡಿಯಾರವೂ ಅಳಿಸಿಹೋದವು. ಮತ್ತೊಬ್ಬರು ಎಲ್ಲರಿಗಿಂತ ಪ್ರಾಮಾಣಿಕರು. “ಅದರ ಮೇಲೊಂದು ಕಪ್ಪು ಟೇಪ್ ಅಂಟಿಸಿಬಿಡಿ, ನನ್ನ ಕಾರಲ್ಲಿ ಆರು ವರ್ಷದಿಂದ ಹಾಗೇ ಇದೆ” ಅಂದರು.

ಒಂದು ಸರ್ವಿಸ್ ಸೆಂಟರಿಗೂ ಹೋದೆ. ಅವರು ಸಮಯ ಕೊಟ್ಟಿದ್ದು ಮಂಗಳವಾರ ಸಂಜೆ. ಡಾಕ್ಟರ ಎದುರು ಕೂತ ತಕ್ಷಣ ನಿಂತುಹೋಗುವ ಕೆಮ್ಮಿನ ಹಾಗೆ ನನ್ನ ದೀಪ ಅಷ್ಟರಲ್ಲಿ ಆರಿತ್ತು. ಆದರೂ ಕಂಪ್ಯೂಟರ್ ಹಚ್ಚಿ ನೋಡಿ, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. ಹಾಕಿಸಿದೆ. ಅದರ ಬಿಲ್ಲನ್ನು ಇವತ್ತಿಗೂ ಮನೆಯಲ್ಲಿ ತೋರಿಸಿಲ್ಲ. ಶನಿವಾರ ಹೊಸ ಸೆನ್ಸರಿನೊಂದಿಗೆ ಹಳೇ ದೀಪ ಹತ್ತಿತು.

ಆ ಸೆನ್ಸರಿನ ಮೇಲೆ ನನಗೀಗ ಮರುಕವಿದೆ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಉರಿದು ಹೊರಬಂದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ನೋಡಿ ವರದಿ ಮಾಡುವುದಷ್ಟೇ ಆ ಸೆನ್ಸರಿನ ಕೆಲಸ. ಒಂದು ಸಿಲಿಂಡರಿನಲ್ಲಿ ಕಿಡಿಯೇ ಹೊತ್ತದಿದ್ದರೆ ಅಲ್ಲಿನ ಗಾಳಿ ಹಾಗೆಹಾಗೇ ಹೊರಬರುತ್ತದೆ, ಪಾಪ ಅದು “ಗಾಳಿ ಜಾಸ್ತಿ ಇದೆ” ಅನ್ನುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದ್ದಕ್ಕೆ ಕೆಲಸ ಕಳೆದುಕೊಂಡಿತು.

ಸಿಟ್ಟಿನಲ್ಲಿ ನಾನೇ ಒಂದು ಯಂತ್ರ ತರಿಸಿದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಬ್ಲೂಟೂತಿನಲ್ಲಿ ಮೊಬೈಲಿಗೆ ಮಾತಾಡುತ್ತದೆ. ಸ್ಟೀರಿಂಗಿನ ಕೆಳಗೆ, ಮೊಣಕಾಲು ತಗಲುವ ಕಡೆ, ಹದಿನಾರು ತೂತಿನ ಒಂದು ಸಾಕೆಟ್ ಇರುತ್ತದೆ. ಕಾರಿಗೆ ಅಂಥದ್ದೊಂದು ಕಿವಿ ಇದೆಯೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಸಿಕ್ಕಿಸಿದ ಮೇಲೆ ಫೋನಿನಲ್ಲಿ ಬಂತು: ಪಿ 0302. ಇದನ್ನು ಬಿಡಿಸಿ ಓದುವುದು ಕಷ್ಟವಲ್ಲ. ಪಿ ಅಂದರೆ ಎಂಜಿನ್ನು, ಗೇರುಗಳ ಬಳಗಕ್ಕೆ ಸೇರಿದ ದೂರು. ಮುಂದಿನ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಒಂದೇ ಅರ್ಥದ ಸಂಖ್ಯೆ ಅನ್ನುವುದಕ್ಕೆ. ಮೂರು ಅಂದರೆ ಕಿಡಿಯ ತೊಂದರೆ. ಕೊನೆಯ ಎರಡು, ಎರಡನೇ ಸಿಲಿಂಡರು. ಅಂದರೆ ನಡುವಿನವನು ಆಗಾಗ ಕೆಲಸ ತಪ್ಪಿಸುತ್ತಿದ್ದಾನೆ.

ಕಾರಿಗೆ ಅದು ಗೊತ್ತಾಗುವ ಬಗೆ ನನಗೆ ತುಂಬ ಇಷ್ಟವಾಯಿತು. ಮೂವರು ಹೆಂಗಸರು ಒಂದೇ ಒರಳಿಗೆ ಸರದಿಯಲ್ಲಿ ಒನಕೆ ಹಾಕುವುದನ್ನು ನೆನಪಿಸಿಕೊಳ್ಳಿ. ಒಬ್ಬಳು ಒಂದೇಟು ತಪ್ಪಿಸಿದರೆ ಕಣ್ಣು ಮುಚ್ಚಿಕೊಂಡು ಕೂತವರಿಗೂ ತಾಳ ಮುರಿದದ್ದು ತಿಳಿಯುತ್ತದೆ. ಇಲ್ಲೂ ಅಷ್ಟೇ. ಎಂಜಿನ್ನಿನ ಅಡಿಯ ದಂಡ ತಿರುಗುವ ವೇಗವನ್ನು ಒಂದು ಸೆನ್ಸರ್ ಸದಾ ಎಣಿಸುತ್ತಿರುತ್ತದೆ. ಕಿಡಿ ತಪ್ಪಿದಾಗ ದಂಡ ಕೂದಲೆಳೆಯಷ್ಟು ನಿಧಾನವಾಗುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಸಲ ಕಿಡಿ ಹೊತ್ತಿಸಬೇಕು. ಅಷ್ಟು ಏಟುಗಳಲ್ಲಿ ಯಾವಳು ತಪ್ಪಿಸಿದಳು ಎಂದು ಹೆಸರು ಹಿಡಿದು ಹೇಳುತ್ತದಲ್ಲ, ಅದಕ್ಕೆ ಕೈ ಮುಗಿಯಬೇಕು.

ಇನ್ನೊಂದು ಮಾತು. ಆ ದೀಪ ಹುಟ್ಟಿದ್ದು ನಮ್ಮ ಎಂಜಿನ್ನಿನ ಮೇಲಿನ ಅಕ್ಕರೆಯಿಂದ ಅಂದುಕೊಂಡಿದ್ದೆ. ಅದು ಹೊಗೆಯ ಕಾವಲುಗಾರ. ಕ್ಯಾಲಿಫೋರ್ನಿಯಾದವರು ತಮ್ಮ ಊರಿನ ಹೊಗೆಗೆ ರೋಸಿಹೋಗಿ ಕಾರುಗಳ ಮೇಲೆ ಹೇರಿದ ನಿಯಮ, 1996ಕ್ಕೆ ಇಡೀ ಅಮೆರಿಕದ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಭಾರತಕ್ಕೆ ಅದರ ಪೂರ್ಣ ರೂಪ ಬಂದದ್ದು 2013ರಲ್ಲಿ, ನಮ್ಮ ಕಾರು ಹುಟ್ಟುವ ಒಂದು ವರ್ಷ ಮುಂಚೆ. ನನ್ನ ಜೇಬಿನ ಚಿಂತೆ ಅದಕ್ಕಿಲ್ಲ. ಆಮೆ ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನಕ್ಕೆ ಮೆಕ್ಯಾನಿಕ್ಕಿನ ಹತ್ತಿರ ಹೋಗಬಹುದು. ಕಣ್ಣು ಮಿಟುಕಿಸಿದರೆ ಮಾತ್ರ ಹುಡುಗಾಟ ಮಾಡಬಾರದು. ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಡಬ್ಬದಲ್ಲಿ ಉರಿದು ಅದನ್ನೇ ಸುಟ್ಟುಹಾಕುತ್ತದೆ. ಆ ಡಬ್ಬದ ಬೆಲೆ ಕೇಳಿದವರು ತಕ್ಷಣ ಕಾರು ಪಕ್ಕಕ್ಕೆ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಓದಿಕೊಂಡ ಜಂಬದಲ್ಲಿ ಐದನೇ ಶನಿವಾರ, ಬೆಳಿಗ್ಗೆಯ ಪಾಠ ಶುರುವಾಗುವ ಮುಂಚೆ, ಮಂಡ್ಯದ ಗುತ್ತಲು ರಸ್ತೆಯ ಕಡೆಯ ಒಂದು ಶೆಡ್ಡಿಗೆ ಹೋದೆ. ಮೆಕ್ಯಾನಿಕ್ ಒಂದು ಗೂಡ್ಸ್ ಆಟೋದ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ನಾನು ಪಿ 0302 ಅಂದೆ. ಕಾಲು ಅಲ್ಲಾಡಲಿಲ್ಲ. ಆಕ್ಸಿಜನ್ ಸೆನ್ಸರಿನ ಕಥೆ ಹೇಳಿದೆ. ಅದಕ್ಕೂ ಅಲ್ಲಾಡಲಿಲ್ಲ. ಕೊನೆಗೆ ಕೆಳಗಿನಿಂದ ಒಂದು ಪ್ರಶ್ನೆ ಬಂತು.

“ಯಾವಾಗ ಅತ್ಕತದೆ ಸಾ?”

“ಶನಿವಾರ.”

ಆಗ ಕಾಲಿನ ಹಿಂದೆಯೇ ಮನುಷ್ಯ ಪೂರ್ತಿ ಹೊರಗೆ ಬಂದ. “ಶನಿವಾರಾನೇ ಅತ್ಕತದಾ? ಆರೋದು?”

“ಸೋಮವಾರ ರಾತ್ರಿ, ಇಲ್ಲಾ ಮಂಗಳವಾರ.”

“ಅಂಗಾದ್ರೆ ಸುಕ್ರವಾರ ಏನಾರ ಆಗಿರ್ಬೇಕು. ಸುಕ್ರವಾರ ಏನ್ಮಾಡ್ತೀರಿ ಗಾಡಿಗೆ?”

ನನಗೆ ಅರ್ಥವಾಗಲಿಲ್ಲ. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ವಿವರಿಸಿದ. “ಮೊದುಲ್ನೇ ಸಲ ತಪ್ ಮಾಡುದ್ರೆ ಗಾಡಿ ಮನಸ್ನಲ್ ಇಟ್ಕತದೆ ಸಾ, ಬಾಯ್ಬುಡಕಿಲ್ಲ. ಎರಡ್ನೇ ಸಲ ಓಡ್ಸಿದಾಗ್ಲೂ ಅದೇ ತಪ್ ಕಂಡ್ರೆ ಆಗ ದೀಪ ಅತ್ತುಸ್ತದೆ. ಆಮೇಲ್ ಮೂರ್ ಸಲ ಸರ್ಯಾಗ್ ಓಡುದ್ರೆ ತಾನೇ ಆರುಸ್ಕತದೆ.” ನಾನು ಅಂತರ್ಜಾಲದಲ್ಲಿ ರಾತ್ರಿಯೆಲ್ಲ ಓದಿದ್ದರೂ ಇದನ್ನು ವಾರದ ಲೆಕ್ಕಕ್ಕೆ ಇಳಿಸಿ ನೋಡಿರಲಿಲ್ಲ. ದೀಪ ಹತ್ತಿದ ದಿನದ ಬೆನ್ನು ಹತ್ತಿದ್ದೆ. ತಪ್ಪು ನಡೆದದ್ದು ಹಿಂದಿನ ದಿನ.

ಶುಕ್ರವಾರ ಸಂಜೆ ಅಮ್ಮನನ್ನು ಎರಡು ಬೀದಿ ಆಚೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ, ಅಷ್ಟೇ ಅಂದೆ. ಎಂಜಿನ್ ಬಿಸಿಯಾಗುವುದಕ್ಕೂ ಸಾಲದ ದೂರ.

“ಅದ್ಕೂ ಮುಂಚೆ?”

“ಮುಂಚೆ ಏನಿಲ್ಲ. ಬೆಳಿಗ್ಗೆ ಅಪ್ಪ ಕಾರು ತೊಳೀತಾರೆ.”

“ಎಂಗೆ ತೊಳೀತರೆ?”

“ಎಲ್ಲರ ಹಾಗೆ. ಪೈಪ್ ಹಿಡಿದು.”

“ಬಾನೆಟ್ ತಗುದು?”

ನಾನು ಸುಮ್ಮನಾದೆ. ದಸರೆಯ ಆಯುಧಪೂಜೆಗೆ ಅಂತ ಅಪ್ಪ ಪೈಪಿನ ತುದಿಗೆ ಹಾಕುವ ಪಿಸ್ತೂಲಿನಂಥ ಹೊಸ ನಾಜಲ್ ತಂದಿದ್ದು ಆಗ ನೆನಪಾಯಿತು.

ಅವನು ಹತ್ತನೇ ನಂಬರ್ ಸ್ಪ್ಯಾನರಿನಿಂದ ಒಂದೇ ಒಂದು ಬೋಲ್ಟು ಬಿಚ್ಚಿ, ಕಿಡಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲುಗಳಲ್ಲಿ ನಡುವಿನದನ್ನು ಮೂಲಂಗಿ ಕೀಳುವ ಹಾಗೆ ಅಲ್ಲಾಡಿಸಿ ಎಳೆದ. ಪಳಕ್ ಅಂತ ಬಂತು. ಅದರ ತುದಿಯ ರಬ್ಬರಿನಲ್ಲಿ ಉಗುರಿನಷ್ಟು ಉದ್ದದ ಸೀಳು, ಸೀಳಿನ ಸುತ್ತ ತುಕ್ಕಿನ ಕೆಂಪು. ಮೊಬೈಲಿನ ಬೆಳಕು ಹಿಡಿದು “ನೋಡ್ರಿಲ್ಲಿ” ಅಂದ. ಸ್ಪಾರ್ಕ್ ಪ್ಲಗ್ ಕೂತಿರುವ ಆಳದ ಗುಂಡಿಯ ತಳದಲ್ಲಿ ನೀರು ಮಿರಮಿರ ಮಿನುಗುತ್ತಿತ್ತು. ಹೆಚ್ಚೇನಿಲ್ಲ, ಒಂದು ಉದ್ಧರಣೆ ತೀರ್ಥದಷ್ಟು. ಪ್ಲಗ್ಗನ್ನು ಬಿಚ್ಚಿ ತೆಗೆದರೆ ಅದರ ಬಿಳಿ ಪಿಂಗಾಣಿಯ ಮೇಲೆ ಸೀಸದ ಕಡ್ಡಿಯಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಸಾವಿರಾರು ವೋಲ್ಟಿನ ಕರೆಂಟು ಒಳಗೆ ಹೋಗಿ, ಸುಮಾರು ಒಂದು ಮಿಲಿಮೀಟರಿನ ಸಂದು ಹಾರಿ ಕಿಡಿಯಾಗಬೇಕಿತ್ತು. ಹೊರಗೇ ಒದ್ದೆಯ ಸುಲಭದ ದಾರಿ ಸಿಕ್ಕಿದ ಮೇಲೆ ಅದೇಕೆ ಹಾರುತ್ತದೆ? ಪಿಂಗಾಣಿಯ ಮೇಲೆ ಜಾರಿಕೊಂಡು ಕಬ್ಬಿಣಕ್ಕೆ ಇಳಿದು ಹೋಗುತ್ತಿತ್ತು. ಆ ಗೆರೆ ಅದು ನಡೆದ ಕಾಲುದಾರಿ. ಮಂಡ್ಯಕ್ಕೆ ಹೋಗಿಬರುವ ಬಿಸಿಗೆ ಭಾನುವಾರದ ಹೊತ್ತಿಗೆ ನೀರು ಆರುತ್ತಿತ್ತು, ಮಂಗಳವಾರದ ಹೊತ್ತಿಗೆ ದೀಪವೂ.

ಗಾಳಿ ಹೊಡೆದು ಗುಂಡಿ ಒಣಗಿಸಿ, ಬೇರೆ ರಬ್ಬರ್ ಟೋಪಿ, ಹೊಸ ಪ್ಲಗ್ ಹಾಕಿ ಆರುನೂರು ರೂಪಾಯಿ ತೆಗೆದುಕೊಂಡ. ನನ್ನ ಬೆಂಕಿಪೊಟ್ಟಣವನ್ನು ತಿರುಗಿಸಿ ನೋಡಿ, “ಚೆನ್ನಾಗದೆ ಸಾ, ಯಾರು ಅಂತ ಏಳ್ತದೆ” ಅಂದು ವಾಪಸ್ ಕೊಟ್ಟ. ಯಾಕೆ ಅಂತ ಹೇಳುವುದಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳದಿರುವಷ್ಟು ಸಭ್ಯ.

ಕಷ್ಟದ ಕೆಲಸ ಇನ್ನೂ ಉಳಿದಿತ್ತು. ಅಪ್ಪ ಸರ್ಕಾರಿ ಇಲಾಖೆಯೊಂದರಲ್ಲಿ ಜೀಪ್ ಓಡಿಸಿ ನಿವೃತ್ತರಾದವರು. ಘಾಟಿಯ ನಡುವೆ ಜೀಪ್ ನಿಲ್ಲಿಸಿ, ಕುದಿಯುವ ರೇಡಿಯೇಟರಿಗೆ ಕೊಡದಲ್ಲಿ ನೀರು ಹೊತ್ತು ತಂದು ಹುಯ್ದವರು. ಗಾಡಿಗೂ ನೀರಿಗೂ ಆಗಿಬರುವುದಿಲ್ಲ ಅಂತ ಅವರಿಗೆ ಹೇಗೆ ಹೇಳುವುದು? ಅವರ ಸಿದ್ಧಾಂತ ನನಗೆ ಗೊತ್ತು: “ಹೊರಗೆ ಮಾತ್ರ ತೊಳೆದರೆ ಮುಖ ತೊಳೆದ ಹಾಗಾಯ್ತು, ಸ್ನಾನ ಹೇಗಾಗುತ್ತೆ?” ಊಟ ಆದ ಮೇಲೆ, ಅಡಿಕೆ ಪುಡಿ ಬಾಯಿಗೆ ಹಾಕಿಕೊಳ್ಳುವ ಹೊತ್ತು ನೋಡಿ, ರಬ್ಬರು, ಗುಂಡಿ, ನೀರು ಎಲ್ಲ ಹೇಳಿದೆ. ಸೆನ್ಸರಿನ ಬಿಲ್ಲಿನ ಸುದ್ದಿ ಎತ್ತಲಿಲ್ಲ.

ಪೂರ್ತಿ ಕೇಳಿಸಿಕೊಂಡರು. “ಮಳೇಲಿ ಓಡಿಸಲ್ವೇನೋ? ಆಗ ನೀರು ಬೀಳಲ್ವಾ?”

ಮಳೆ ಮೇಲಿನಿಂದ ಬರುತ್ತದೆ, ಬಾನೆಟ್ ತಡೆಯುತ್ತದೆ, ಪೈಪಿನ ನೀರು ಒತ್ತಡದಿಂದ ಸೀಳಿನೊಳಗೆ ನುಗ್ಗುತ್ತದೆ ಎಂದು ಶುರುಮಾಡಿದೆ. ನನ್ನ ಕಿವಿಗೇ ಅದು ಕುಂಟುನೆಪದ ಹಾಗೆ ಕೇಳಿಸಿತು. ಅಪ್ಪ ಎದ್ದು ಹೋಗಿ ಮಲಗಿದರು. ವಾರವಿಡೀ ಕಾರಿನ ಮಾತೆತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ನೀರಿನ ಸದ್ದಿಗೆ ಎಚ್ಚರವಾಗಿ ಕಿಟಕಿಯಲ್ಲಿ ಇಣುಕಿದೆ. ಬಾನೆಟ್ ಮುಚ್ಚಿತ್ತು. ಗಾಜು, ಬಾಗಿಲು, ಚಕ್ರ ಎಲ್ಲ ತೊಳೆದು ಮುಗಿಸಿ, ನಲ್ಲಿ ನಿಲ್ಲಿಸಿ, ನಾಜಲ್ ಬಿಚ್ಚಿ ಪೈಪು ಸುತ್ತಿಟ್ಟ ಮೇಲೆ ಅಪ್ಪ ಬಾನೆಟ್ ಎತ್ತಿದರು. ಹಳೇ ಪಂಚೆಯ ತುಂಡನ್ನು ಹಿಂಡಿ ಹಿಂಡಿ, ಮಗುವಿನ ಕಿವಿಯ ಸಂದು ಒರೆಸುವ ಹಾಗೆ ಎಂಜಿನ್ ಒರೆಸಿದರು. ಅವರು ಒಳಗೆ ಬಂದ ಮೇಲೆ ಹೋಗಿ ಬಾನೆಟ್ ಎತ್ತಿ ನೋಡಿದೆ. ಎಂದಿನಂತೆ ಎಲ್ಲೆಂದರಲ್ಲಿ ಕುಂಕುಮ ಇರಲಿಲ್ಲ. ಮೂರು ಕಾಯಿಲುಗಳಲ್ಲಿ ನಡುವಿನದರ ತಲೆಯ ಮೇಲೆ ಮಾತ್ರ ಅರಿಶಿನದ ಮೇಲೊಂದು ಕುಂಕುಮದ ಬೊಟ್ಟು, ಅದಕ್ಕಂಟಿದ ಒಂದು ಸೇವಂತಿಗೆ ಎಸಳು.

“ಅದೊಂದಕ್ಕೇ ಯಾಕಪ್ಪ?” ಅಂದೆ.

ಪೇಪರಿನಿಂದ ತಲೆ ಎತ್ತದೆ ಅಂದರು, “ಅದಕ್ಕೇ ತಾನೇ ಮೈ ಹುಷಾರಿಲ್ಲದ್ದು?”