ಕಭೀ ಒಂದು, ಕಾರ್ಡು ಮೂರು

ಆ ಗುಲಾಬಿ ಬಣ್ಣದ ಚಾರ್ಟು ವಾಟ್ಸಾಪ್‌ನಲ್ಲಿ ಮತ್ತೆ ಬಂದಿದೆ. ಒಂದು ಕೆಲಸ ಎಷ್ಟು ಸಲ ಆಗುತ್ತೆ ಅನ್ನೋದನ್ನು ಹೇಳೋ ಇಂಗ್ಲಿಷ್ ಪದಗಳನ್ನು ಉರ್ದುವಿನವರಿಗೆ ಕಲಿಸೋ ಚಾರ್ಟು ಅದು: ಎಡಕ್ಕೆ ಇಂಗ್ಲಿಷ್, ಬಲಕ್ಕೆ ಉರ್ದು, ನಡುವೆ ಶೇಕಡಾ. ಆಲ್ವೇಸ್ ಅಂದ್ರೆ ಹಮೇಶಾ, 100. ಯೂಶುವಲಿ ಅಂದ್ರೆ ಅಕ್ಸರ್, 90. ಆಫನ್? ಅದೂ ಅಕ್ಸರ್, 70. ನಡುವಿನ 20 ಎಲ್ಲಿ ಸೋರಿತು? ಯೂಶುವಲಿಗೆ ‘ಆಮ್ ತೌರ್ ಪರ್’ (ಸಾಮಾನ್ಯವಾಗಿ) ಅನ್ನೋ ಹದವಾದ ಮಾತು ಉರ್ದುವಲ್ಲಿ ಇದ್ದೇ ಇದೆ, ಡಬ್ಬಿಯಲ್ಲಿ ಹಿಡಿಸಲಿಲ್ಲವೇನೋ. ಸೆಲ್ಡಮ್‌ಗೆ ಮಾತ್ರ ‘ಶಾಜ್ ಓ ನಾದಿರ್’! ಬಸ್ಸು ಅಪರೂಪಕ್ಕೆ ಬರುತ್ತೆ ಅನ್ನೋಕೆ ಮುಶಾಯಿರಾದ, ಅಂದ್ರೆ ಉರ್ದು ಕವಿಗೋಷ್ಠಿಯ, ಪದ ಯಾಕೆ? ‘ಬಹುತ್ ಕಮ್’ ಸಾಲದೇ?

ಇಷ್ಟನ್ನು ಹೇಗೋ ಸಹಿಸಬಹುದು. ತಲೆ ಕೆಡಿಸೋದು ‘ಕಭೀ’. ಪ್ರಶ್ನೆಯಲ್ಲಿ ಒಂಟಿಯಾಗಿ ನಿಂತರೆ ಎವರ್, ಎಂದಾದರೂ. ಜೋಡಿಯಾಗಿ ಕಭೀ ಕಭೀ ಅಂತ ಬಂದರೆ ಸಮ್‌ಟೈಮ್ಸ್. ‘ನಹೀಂ’ ಜೊತೆಯಾದರೆ ನೆವರ್. ಆಸಾಮಿ ಒಬ್ಬನೇ, ರೇಷನ್ ಕಾರ್ಡು ಮೂರು. ಚಾರ್ಟು ನಂಬಿದ ಹುಡುಗ ‘ಮೈಂ ಕಭೀ ಝೂಠ್ ನಹೀಂ ಬೋಲ್ತಾ’ (ನಾನೆಂದೂ ಸುಳ್ಳು ಹೇಳಲ್ಲ) ಅನ್ನೋದಕ್ಕೆ ಪದಕ್ಕೆ ಪದ ಜೋಡಿಸಿ ‘ಐ ನೆವರ್ ಡೋಂಟ್ ಟೆಲ್ ಲೈಸ್’ ಅಂತಾನೆ. ಸುಳ್ಳಿನ ಶೇಕಡಾ ಸೊನ್ನೆ ಇದ್ದದ್ದು ಏಕ್‌ದಮ್ 100 ಆಯ್ತು. ಪಾಪ, ಹರಿಶ್ಚಂದ್ರ ಹೋಗಿ ಪಕ್ಕಾ ಸುಳ್ಳುಗಾರನಾದ. ನೆವರ್ ತನ್ನ ‘ನಹೀಂ’ಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದೆ, ಇನ್ನೊಂದು ಹಾಕಬಾರದು ಅಂತ ಚಾರ್ಟು ಹೇಳಲ್ಲ. ನಾವೇನು ನಗೋ ಹಾಗಿಲ್ಲ, ‘ಎಂದೂ ಹೇಳುವುದಿಲ್ಲ’ ಅನ್ನೋ ಕನ್ನಡದವರೂ ಬೀಳೋದು ಅದೇ ಗುಂಡಿಗೆ.

ಪದ ಎಲ್ಲಿ ಕೂರಿಸಬೇಕು ಅನ್ನೋದಂತೂ ಚಾರ್ಟಿಗೆ ಸಂಬಂಧವೇ ಇಲ್ಲ. ‘ಐ ಆಲ್ವೇಸ್ ಕಮ್ ಲೇಟ್’, ಇಲ್ಲಿ ಕ್ರಿಯಾಪದಕ್ಕಿಂತ ಮೊದಲು. ಆಮ್, ಈಸ್, ಆರ್ ಇದ್ದರೆ ಅದಾದ ಮೇಲೆ: ‘ಐ ಆಮ್ ಆಲ್ವೇಸ್ ಬಿಜಿ’. ಉರ್ದುವಿನಲ್ಲಿ ಆಮ್‌ಗೆ ಸಾಟಿಯಾದ ‘ಹೂಂ’ ವಾಕ್ಯದ ಬಾಲಕ್ಕೆ ಬರೋದರಿಂದ ಹಮೇಶಾ ಅದಕ್ಕಿಂತ ಮೊದಲೇ ಬಂದು ಕೂತಿರುತ್ತೆ. ಆ ರೂಢಿಗೇ ‘ಐ ಆಲ್ವೇಸ್ ಆಮ್ ಬಿಜಿ’ ಹುಟ್ಟುತ್ತೆ.

ಕಲಬುರಗಿ ಕಡೆ ಅಂಗಡಿಯವರು ‘ಕಾಯಂ ಗಿರಾಕಿ’ ಅಂತಾರೆ. ಅರಬ್ಬಿ ಮೂಲದ ಆ ಕಾಯಂಗೆ ಯಾರೂ ಶೇಕಡಾ ಹಚ್ಚಲಿಲ್ಲ. ದಿನಾ ಬರೋನೂ ಕಾಯಂ, ತಿಂಗಳಿಗೊಮ್ಮೆ ಉದ್ರಿ ಹೇಳೋಕೆ ಬರೋನೂ ಕಾಯಂ. ಬಾಯಿಂದ ಬಾಯಿಗೆ ಬಂದ ಮಾತು, ಚಾರ್ಟೇ ಬೇಕಾಗಲಿಲ್ಲ.

ಚಾರ್ಟಿನ ಕೊನೇ ಸಾಲಲ್ಲಿ ಹಾರ್ಡ್ಲಿ: ‘ಮುಶ್ಕಿಲ್ ಸೇ’, ಪದಶಃ ಕಷ್ಟದಿಂದ. ಇಂಗ್ಲಿಷಿನ ಹಾರ್ಡ್ಲಿ ಅಂದ್ರೆ ಮಾತ್ರ ಇಲ್ಲವೇ ಇಲ್ಲ ಅನ್ನೋವಷ್ಟು ಕಮ್ಮಿ. ಚಾರ್ಟನ್ನು ನೆಚ್ಚಿ, ಕಷ್ಟಪಟ್ಟು ದುಡಿಯುತ್ತೇನೆ ಅಂತ ಬಯೋಡೇಟಾದಲ್ಲಿ ‘ಐ ಹಾರ್ಡ್ಲಿ ವರ್ಕ್’ ಬರೆದವನಿಗೆ ಕೆಲಸ ಸಿಗೋದೂ ಮುಶ್ಕಿಲ್ ಸೇ.