ಒಬ್ಬೊಬ್ಬರದೂ ಒಂದೊಂದು ಲೆಕ್ಕ
ಇಷ್ಟೆಲ್ಲ ಓದಿದವರು ಸೇರಿ ಇಂಥ ತಲೆಬುಡವಿಲ್ಲದ ನಿರ್ಧಾರ ಮಾಡುವುದು ಹೇಗೆ ಎಂದು ವಿಶ್ವವಿದ್ಯಾಲಯಗಳ ಬಗ್ಗೆ ಬರೆದ ಲೇಖಕರೊಬ್ಬರು ಕೇಳಿದ್ದಾರೆ. ನನಗೇನೋ ಬಿಡಿಬಿಡಿಯಾಗಿ ನೋಡಿದರೆ ಎಲ್ಲರೂ ಪಕ್ಕಾ ಲೆಕ್ಕಾಚಾರದವರೇ ಅನ್ನಿಸುತ್ತದೆ. ವಿಭಾಗಕ್ಕೆ ಹುದ್ದೆ ಬೇಕು, ಆಡಳಿತಕ್ಕೆ ರ‍್ಯಾಂಕಿಂಗ್ ಬೇಕು, ಅಧ್ಯಾಪಕರಿಗೆ ಬಡ್ತಿಗಾಗಿ ಪ್ರಬಂಧಗಳ ಎಣಿಕೆ ಬೇಕು. ಈ ಲೆಕ್ಕಗಳೆಲ್ಲ ಒಂದೆಡೆ ಸೇರಿದಾಗಲೇ ಗೊಂದಲ. 1972ರಲ್ಲೇ ಕೋಹೆನ್, ಮಾರ್ಚ್, ಓಲ್ಸೆನ್ ಎಂಬ ಮೂವರು ಸಂಶೋಧಕರು ಇಂಥ ಸಂಸ್ಥೆಗಳನ್ನು ‘ಸಂಘಟಿತ ಅರಾಜಕತೆ’ ಎಂದಿದ್ದರು: ಗುರಿ ಅಸ್ಪಷ್ಟ, ಸಭೆಗೆ ಬರುವವರು ಪ್ರತಿ ಸಲವೂ ಬೇರೆ, ಸಮಸ್ಯೆ ಹುಟ್ಟುವ ಮೊದಲೇ ಪರಿಹಾರ ಹಿಡಿದು ಕೂತವರು. ಪಠ್ಯಕ್ರಮ ಪರಿಷ್ಕರಣೆಯ ಸಭೆಯನ್ನೇ ನೋಡಿ. ವಿದ್ಯಾರ್ಥಿ ಏನು ಕಲಿಯಬೇಕು ಅನ್ನುವುದಕ್ಕಿಂತ ಯಾರ ವಿಷಯ ಉಳಿಯಬೇಕು ಅನ್ನುವುದಕ್ಕೇ ಜಗಳ. ಕೊನೆಗೆ ರಾಜಿಯಲ್ಲಿ ಎಲ್ಲರದ್ದೂ ಉಳಿಯುತ್ತದೆ, ಹೊಸದೊಂದು ಉಪಸಮಿತಿಯೂ ಹುಟ್ಟುತ್ತದೆ (ಅದಕ್ಕೊಬ್ಬ ಅಧ್ಯಕ್ಷರು ಬೇರೆ!).