ಹಲಸಿನಮರ ಇತ್ತಲ್ಲ, ಅಲ್ಲಿ ಎಡಕ್ಕೆ

ಕಳೆದ ಮಳೆಗಾಲದ ಒಂದು ಸಂಜೆ ಅಪ್ಪಯ್ಯ ಅಂಗಳದ ಹಾವಸೆ ಮೇಲೆ ಜಾರಿ ಬಿದ್ದರು. ಕಾಲು ಊರಲಾಗುತ್ತಿಲ್ಲ. 108ಕ್ಕೆ ಫೋನ್ ಮಾಡಿದೆ. ಶಿರಸಿಯಿಂದ ಆಂಬುಲೆನ್ಸ್ ಹೊರಟಿತು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

"ಮನೆ ಎಲ್ಲಿ ಬರ್ತದೆ?" ಡ್ರೈವರ್ ಕೇಳಿದರು.

"ಕುಮಟಾ ರಸ್ತೆಯಲ್ಲಿ ಬನ್ನಿ. ದೊಡ್ಡ ಹಲಸಿನಮರದ ಹತ್ತಿರ ಎಡಕ್ಕೆ. ಹೆಗಡೆಯವರ ಮನೆ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ."

ತೋರಿಸಿದರು, ಸುಳ್ಳಲ್ಲ. ನಮ್ಮೂರಲ್ಲಿ ಇರುವುದೇ ಹನ್ನೊಂದು ಮನೆ, ಒಂಬತ್ತು ಹೆಗಡೆಯವರದ್ದು. ಮೇಲಿನಮನೆ, ಕೆಳಗಿನಮನೆ, ಆಚೆಮನೆ ಅಂತ ನಮಗೆ ಮಾತ್ರ ಗೊತ್ತಿರುವ ಲೆಕ್ಕ. ನಮ್ಮದು ಹೊಸಮನೆ. ಕಟ್ಟಿ ನೂರು ವರ್ಷ ದಾಟಿದೆ. ಇನ್ನು ಆ ಹಲಸಿನಮರ ಹಿಂದಿನ ವಾರದ ಗಾಳಿಗೇ ಬಿದ್ದು, ದಿಮ್ಮಿಯೂ ಸಾಗಿಹೋಗಿತ್ತು. ಗಡಿಬಿಡಿಯಲ್ಲಿ ನೆನಪಿದ್ದರೆ ತಾನೇ?

ಸ್ಟ್ರೆಚರ್ ಇಳಿದದ್ದು ಮೇಲಿನಮನೆಯಲ್ಲಿ. ಅಲ್ಲಿನ ಮಾವ ಜಗಲಿ ಮೇಲೆ ಕೂತು ಕವಳ ಹಾಕುತ್ತಿದ್ದರು. "ಎಲ್ಲಿ ನೋವು ಅಜ್ಜಾ?" ಅಂತ ಕೇಳಿದ್ದೇ ತಡ, ಇಷ್ಟು ಅಕ್ಕರೆಯಿಂದ ವಿಚಾರಿಸುವವರು ಸಿಕ್ಕರಲ್ಲ ಅಂತ ಹತ್ತು ವರ್ಷದ ಮಂಡಿನೋವಿನ ಕಥೆ ಶುರುಮಾಡಿದರಂತೆ.

ನಮ್ಮ ಮನೆಗೆ ನಂಬರ್ ಇಲ್ಲ ಅಂತಲ್ಲ. ಪಂಚಾಯ್ತಿಯ ತಗಡು ಬಾಗಿಲ ಮೇಲೆಯೇ ಇದೆ, ಒಣಗಿದ ಮಾವಿನ ತೋರಣದ ಹಿಂದೆ. ಪಕ್ಕದಲ್ಲಿ ಪೋಲಿಯೋ ಹನಿಯವರ ಸೀಮೆಸುಣ್ಣದ ಗುರುತು, ಗಣತಿಯವರದ್ದು ಬೇರೆಯೇ ನಂಬರ್. ಎಲ್ಲವನ್ನೂ ಓದಬಹುದು, ಜಗಲಿ ಹತ್ತಿ ಬಂದವರು.

ಪುಣ್ಯಕ್ಕೆ ಅಪ್ಪಯ್ಯನಿಗೆ ಬರೀ ಉಳುಕು. ಮರುವಾರವೇ ನಾನು ರಸ್ತೆ ಬದಿಯ ದಣಪೆಗೆ ಹಲಗೆ ಹೊಡೆದೆ. ಕಪ್ಪು ಬಣ್ಣ, ಅದರ ಮೇಲೆ ನಾಲ್ಕು ಇಂಚಿನ ಬಿಳಿ ರೇಡಿಯಂ ಅಂಕಿ, 47. ಶಿರಸಿ ಕಡೆಯಿಂದ ಬಂದರೂ ಕುಮಟಾ ಕಡೆಯಿಂದ ಬಂದರೂ ಕಾಣಲಿ ಅಂತ ಎರಡೂ ಮಗ್ಗುಲಿಗೆ. ರಾತ್ರಿ ಬೈಕಿನ ಲೈಟ್ ಬಿಟ್ಟು ನೋಡಿದೆ. ಫಳಫಳ! ಬೆಳಿಗ್ಗೆ ನೋಡಿದರೆ 47 ಇಲ್ಲ. ಅಮ್ಮ ಅದರ ಮೇಲೆ ಕಂಬಳಿ ಒಣಹಾಕಿದ್ದಳು. ಒಂದು ಗಂಟೆ ಬಿಸಿಲು ಬಂದಿತ್ತು, ಅವಳದ್ದೇನು ತಪ್ಪು?

ಮೊನ್ನೆ ಗ್ಯಾಸ್ ಸಿಲಿಂಡರಿನವನಿಗೆ ಅಪ್ಪಯ್ಯ ಫೋನಿನಲ್ಲಿ ದಾರಿ ಹೇಳುತ್ತಿದ್ದರು. ನಾನು ಕಿವಿ ನೆಟ್ಟಗೆ ಮಾಡಿ ಕೂತೆ.

"ಹಿಂದೆ ಒಂದು ಹಲಸಿನಮರ ಇತ್ತಲ್ಲ ಮಾರಾಯಾ, ಅಲ್ಲಿ ಎಡಕ್ಕೆ..."